ಗುಡ್ಡ ಇಳಿದ ಗಾಡಿ, ಗುಡ್ಡ ಹತ್ತಿದ ಮಾವ

ನಡೆಯುವುದನ್ನು ತಪ್ಪಿಸಿಕೊಳ್ಳಲು ಮನುಷ್ಯ ಪಡುವ ಪಾಡಿನಲ್ಲಿ ಅರ್ಧದಷ್ಟನ್ನು ನಡೆಯುವುದಕ್ಕೇ ಬಳಸಿದ್ದರೆ ಇಷ್ಟು ಹೊತ್ತಿಗೆ ಎಲ್ಲರೂ ಒಂದೊಂದು ಸಲ ಕಾಶಿಗೆ ಹೋಗಿ ಬಂದಿರುತ್ತಿದ್ದರು. ಇದು ಪುಸ್ತಕ ಓದಿ ಕಂಡುಕೊಂಡ ತತ್ತ್ವವಲ್ಲ. ಮೂರು ಫರ್ಲಾಂಗಿನ ದಾರಿಯನ್ನು ಯಾರೂ ನಡೆಯದಂತೆ ಮಾಡುವುದು ಹೇಗೆಂದು ಯೋಚಿಸುತ್ತಾ ಎಂಟು ತಿಂಗಳ ಕಾಲ ದಿನಕ್ಕೆ ನಾಲ್ಕು ಮೈಲಿ ನಡೆದವನು ನಾನು. ಆ ಕಾಲದಲ್ಲಿ ನನ್ನ ಎರಡು ಜೊತೆ ಚಪ್ಪಲಿ ಸವೆದವು. ಎರಡೋ ಮೂರೋ ಎಂಬುದರಲ್ಲಿ ಈಗ ಅನುಮಾನವಿದೆ. ನನಗೆ ದಿನಚರಿ ಬರೆಯುವ ಅಭ್ಯಾಸವುಂಟು. ಆದರೆ ಮುಖ್ಯವಾದದ್ದೇನಾದರೂ ನಡೆದ ದಿನ ಅದು ಮೂಕವಾಗಿಬಿಡುತ್ತದೆ. ಏನೂ ನಡೆಯದ ದಿನಗಳಂದು ಎರಡು ಪುಟ ತುಂಬಿಸಿ, ಬರೆದದ್ದನ್ನು ಮರುವರ್ಷ ಓದಿ, ಇದು ನಿಜವಾಗಿ ನಡೆಯಿತೋ ಅಥವಾ ಪುಟ ತುಂಬಲೆಂದು ಬರೆದೆನೋ ಎಂದು ನನ್ನನ್ನೇ ವಿಚಾರಣೆಗೆ ಒಳಪಡಿಸುತ್ತೇನೆ. ಈಗ ಹೇಳಹೊರಟಿರುವ ಕಥೆಯ ಅತಿ ದೊಡ್ಡ ದಿನದಂದು ನನ್ನ ದಿನಚರಿಯಲ್ಲಿರುವುದು ಇಷ್ಟೇ: ‘ಬಿಸಿಲು. ಪ್ರಯೋಗ ಆಯಿತು. ಸೊಂಟಕ್ಕೆ ಎಣ್ಣೆ.’ ಉಳಿದದ್ದೆಲ್ಲ ನೆನಪಿನಿಂದ ಬರಬೇಕು, ಮತ್ತು ನೆನಪು ನನ್ನ ಪಕ್ಷದ ಸಾಕ್ಷಿ ಎಂಬುದನ್ನು ಓದುಗರು ಮರೆಯಬಾರದು.

ಮನುಷ್ಯ ಚಂದ್ರನ ಮೇಲಿಳಿದು ಒಂದೆರಡು ವರ್ಷವಾಗಿತ್ತು. ಹುಣಸೂರಿನಿಂದ ಹನಗೋಡಿನ ಕಡೆಗೆ ಹೋಗುವ ದಾರಿಯಲ್ಲಿ ವಿಶ್ವವಿದ್ಯಾಲಯದ ಒಂದು ಹೊಸ ಆವರಣ ಆಗಷ್ಟೇ ಎದ್ದು ನಿಂತಿತ್ತು. ಗುಡ್ಡದ ತಲೆಯ ಮೇಲೆ ವಿದ್ಯಾರ್ಥಿನಿಲಯ ಮತ್ತು ಕಛೇರಿ, ಗುಡ್ಡದ ಬುಡದಲ್ಲಿ ಪಾಠದ ಕೋಣೆಗಳು. ಹೀಗೇಕೆ ಕಟ್ಟಿದರೆಂದು ಯಾರಿಗೂ ಗೊತ್ತಿರಲಿಲ್ಲ. ನಕ್ಷೆ ಬರೆದವರು ಸಮತಟ್ಟಾದ ಕಾಗದದ ಮೇಲೆ ಬರೆದಿದ್ದರು ಎಂಬುದೊಂದೇ ನನಗೆ ಹೊಳೆದ ಕಾರಣ. ಬೆಳಗ್ಗೆ ಹುಡುಗರು ಉರುಳಿಕೊಂಡು ಬಂದಂತೆ ಬಂದು ಪಾಠಕ್ಕೆ ಕೂರುತ್ತಿದ್ದರು. ಸಂಜೆ ಹತ್ತುವಾಗ ಮಾತ್ರ ಉನ್ನತ ಶಿಕ್ಷಣ ಎಂಬ ಮಾತಿನ ಅರ್ಥ ಅವರಿಗೆ ಮೊಣಕಾಲಿನಲ್ಲಿ ಆಗುತ್ತಿತ್ತು. ಇದನ್ನೆಲ್ಲ ನೋಡಿಕೊಳ್ಳಲು ನಮಗೊಬ್ಬ ಡೈರೆಕ್ಟರಿದ್ದರು. ಸಜ್ಜನರು, ಅತ್ಯಂತ ವಿನಯಶೀಲರು, ಎದುರಿಗೆ ಯಾರು ಬಂದರೂ ಕೈಯಲ್ಲಿರುವುದನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿ ನಮಸ್ಕರಿಸುವವರು. ಅವರಿಗಿದ್ದ ದೌರ್ಬಲ್ಯ ಒಂದೇ, ವಿದೇಶದ ಸಚಿತ್ರ ಪತ್ರಿಕೆಗಳನ್ನು ಓದುವುದು.

ಒಂದು ದಿನ ಅವರು ನನ್ನನ್ನು ಕರೆಸಿ ಅಂಥದೊಂದು ಪತ್ರಿಕೆಯನ್ನು ಮುಂದಿಟ್ಟರು. ಸಾಗರದಾಚೆ ಯಾವುದೋ ವಿಶ್ವವಿದ್ಯಾಲಯದಲ್ಲಿ ಚಾಲಕನೇ ಇಲ್ಲದ ಗಾಡಿಗಳನ್ನು ಓಡಿಸಲು ಯೋಜನೆ ಹಾಕುತ್ತಿದ್ದಾರಂತೆ. ವಿದ್ಯಾರ್ಥಿ ಗುಂಡಿ ಒತ್ತಿದರೆ ಡಬ್ಬಿಯಂಥ ಗಾಡಿ ಬಂದು ನಿಂತು, ಅವನನ್ನು ಕೂರಿಸಿಕೊಂಡು, ತರಗತಿಯ ಬಾಗಿಲಿಗೆ ಬಿಡುತ್ತದಂತೆ. “ಅವರದ್ದೂ ಗುಡ್ಡದ ಊರೇ ಕಣ್ರೀ,” ಎಂದರು ಡೈರೆಕ್ಟರು, ಉಳಿದದ್ದೆಲ್ಲ ತಾನಾಗಿಯೇ ಸಿದ್ಧವಾಯಿತು ಎಂಬಂತೆ. “ಅವರು ಮುಗಿಸೋ ಮೊದಲು ನಾವು ಮುಗಿಸಬೇಕು. ನೀವು ಭೌತಶಾಸ್ತ್ರದವರು. ಸ್ವಯಂಚಾಲಿತ ಸಾರಿಗೆ ಯೋಜನಾ ಸಮಿತಿ ಅಂತ ಒಂದು ಮಾಡಿದ್ದೀನಿ. ನೀವೇ ಸದಸ್ಯ ಕಾರ್ಯದರ್ಶಿ.” ಉಳಿದ ಸದಸ್ಯರು ಯಾರು ಎಂದು ಕೇಳಿದೆ. “ಆಮೇಲೆ ನೋಡೋಣ,” ಎಂದರು. ಇಂದಿನವರೆಗೂ ನೋಡಿಲ್ಲ.

ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳದೇ ಇದ್ದುದಕ್ಕೆ ಕಾರಣವಿದೆ. ನಾನು ಟೆಂಪರರಿ ಅಧ್ಯಾಪಕ. ಪ್ರತಿ ಜೂನ್ ತಿಂಗಳಲ್ಲಿ ನನ್ನನ್ನು ಹೊಸದಾಗಿ ಹುಟ್ಟಿಸಿ ಪ್ರತಿ ಏಪ್ರಿಲ್‌ನಲ್ಲಿ ಮುಗಿಸುತ್ತಿದ್ದರು. ಇದರ ಜೊತೆಗೆ ಕೆ.ಆರ್. ನಗರದಲ್ಲಿ ಜಾನಕಿ ಎಂಬ ಹುಡುಗಿಯನ್ನು ನೋಡಿಕೊಂಡು ಬಂದಿದ್ದೆ. ಉಪ್ಪಿಟ್ಟು ತಿಂದದ್ದೂ, ಅವಳು ಒಂದು ಸಲ ತಲೆಯೆತ್ತಿ ನನ್ನ ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ್ದ ದಾರವನ್ನು ನೋಡಿ ನಗು ತಡೆದುಕೊಂಡದ್ದೂ ದಿನಚರಿಯಲ್ಲಿ ಇಲ್ಲ. ಆದ್ದರಿಂದ ಅದು ಸತ್ಯವಾಗಿರಲೇಬೇಕು. ಅವಳ ತಂದೆ ವೆಂಕಟಸುಬ್ಬಯ್ಯನವರು ಅಕ್ಕಿ ಗಿರಣಿಯೊಂದರ ಮೇನೇಜರು. ಸಣಕಲು ದೇಹ, ಅದರ ಮೇಲೆ ದೊಡ್ಡ ಜರಿ ರುಮಾಲು, ಮೊಣಕಾಲು ಮುಟ್ಟುವ ಕಪ್ಪು ಕೋಟು, ಕೊಡೆ. ಅವರು ಹೇಳಿದ್ದು ಒಂದೇ ಮಾತು: “ಹುಡುಗ ಒಪ್ಪಿಗೆ. ಕೆಲಸ ಒಪ್ಪಿಗೆ ಇಲ್ಲ. ಖಾಯಂ ಆದ ದಿನ ಒಂದು ಕಾರ್ಡು ಹಾಕಿ, ಲಗ್ನ ಇಡೋಣ.” ಈ ವಿಷಯ ಡೈರೆಕ್ಟರಿಗೆ ಹೇಗೋ ತಿಳಿದಿತ್ತು. “ಪ್ರಯೋಗ ಯಶಸ್ವಿಯಾಗಲಿ, ಅವತ್ತೇ ನಿಮ್ಮ ಫೈಲಿಗೆ ಸಹಿ,” ಎಂದರು. ಹೀಗೆ ನನ್ನ ಮದುವೆ ಚಾಲಕನಿಲ್ಲದ ಗಾಡಿಯಲ್ಲಿ ಕೂತುಕೊಂಡಿತು.

ಯೋಜನೆ ಎಂದರೆ ಮೊದಲು ಗಣತಿ ಆಗಬೇಕು ಎಂದು ಆ ಪತ್ರಿಕೆಯಲ್ಲಿತ್ತು. ಯಾರು, ಎಷ್ಟು ಜನ, ಯಾವ ಹೊತ್ತಿನಲ್ಲಿ, ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ. ನಾನು ಕೆಂಪು ರಟ್ಟಿನ ಪುಸ್ತಕವೊಂದನ್ನು ಹಿಡಿದು ಗುಡ್ಡದ ನಡುವೆ ಹೊಂಗೆ ಮರದ ಕೆಳಗೆ ಕೂತೆ. ಆವರಣಕ್ಕೆ ಆಗಿನ್ನೂ ಬೇಲಿ ಇರಲಿಲ್ಲ. ಹಳ್ಳಿಯವರು, ಕಾಡಂಚಿನ ಹಾಡಿಗಳಿಂದ ಕೂಲಿಗೆ ಬರುವವರು ಎಲ್ಲರೂ ಆ ದಾರಿಯಲ್ಲೇ ಓಡಾಡುತ್ತಿದ್ದರು. ಒಬ್ಬರಿಗೆ ಒಂದು ಗೀಟು. ಮಧ್ಯಾಹ್ನದ ಹೊತ್ತಿಗೆ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ನಿಂತು, “ಏನ್ ಸ್ವಾಮಿ, ಒತ್ತಾರೆಯಿಂದ ಕುಂತ್ಕೊಂಡು ಗೀಟು ಎಳೀತಾ ಇದ್ದೀರಿ?” ಎಂದಳು.

“ಈ ದಾರೀಲಿ ಎಷ್ಟು ಜನ ಓಡಾಡ್ತಾರೆ ಅಂತ ಲೆಕ್ಕ ಇಡ್ತಾ ಇದ್ದೀನಮ್ಮ.”

“ಲೆಕ್ಕ ತಕ್ಕೊಂಡು ಏನ್ ಮಾಡೀರಿ?”

“ಮೇಲಿನೋರಿಗೆ ಕಳಿಸ್ತೀನಿ.”

ಅವಳು ಇನ್ನೇನೂ ಕೇಳದೆ ಹೊರೆಯ ಸಮೇತ ಓಟಕ್ಕೆ ಹತ್ತಿರವಾದ ನಡಿಗೆಯಲ್ಲಿ ಹೊರಟುಹೋದಳು. ಮರುದಿನದಿಂದ ಆ ದಾರಿಯಲ್ಲಿ ಗಂಡಸರೇ ಕಾಣಲಿಲ್ಲ. ಮೂರು ದಿನ ಕೂತೆ. ಹೆಂಗಸರು, ಮಕ್ಕಳು, ಮೇಕೆಗಳು, ಮತ್ತೆ ಎಂಬತ್ತು ದಾಟಿದ ಒಬ್ಬ ಅಜ್ಜ. ಅಜ್ಜ ಮಾತ್ರ ನನ್ನ ಮುಂದೆಯೇ ದಿನಕ್ಕೆ ನಾಲ್ಕು ಸಲ ಎದೆ ಸೆಟೆಸಿಕೊಂಡು ಹಾಯ್ದುಹೋಗುತ್ತಿದ್ದ. ಕೊನೆಗೆ ವಿಷಯ ತಿಳಿಸಿದವನು ಗುಡ್ಡದ ಪಕ್ಕದಲ್ಲಿ ಬೇಸಾಯ ಮಾಡುತ್ತಿದ್ದ ಸಣ್ಣೇಗೌಡ. “ಅಲ್ಲ ಮೇಷ್ಟ್ರೇ, ನೀವು ಮಕ್ಕಳಾಗ್ದಿರೋ ಆಪರೇಸನ್‌ಗೆ ಎಸ್ರು ಬರ್ಕೊತಾ ಇದ್ದೀರಂತೆ. ಊರ್ ಗಂಡಸ್ರೆಲ್ಲ ಕೆರೆ ಏರಿ ಸುತ್ತಾಕೊಂಡು ಓಯ್ತಾವ್ರೆ. ನಮ್ಮ ತಾತ ಒಬ್ಬಂದೇ ಕುಸಿ. ‘ನನ್ನೂ ಎಣಿಸವ್ನೆ ಕಣ್ಲಾ’ ಅಂತ ಊರ್ ತುಂಬ ಯೋಳ್ಕೊಂಡು ತಿರುಗ್ತಾ ಅದೆ,” ಎಂದ. ನನ್ನ ವರದಿಯ ಮೊದಲ ಅಧ್ಯಾಯದಲ್ಲಿ, ಈ ವಿಶ್ವವಿದ್ಯಾಲಯವನ್ನು ಹೆಚ್ಚಾಗಿ ಬಳಸುವವರು ಮೇಕೆಗಳು ಎಂಬ ತೀರ್ಮಾನ ಬಂದಿರುವುದು ಈ ಕಾರಣದಿಂದ. ಡೈರೆಕ್ಟರು ಅದನ್ನು ಓದಿ, “ಮೇಕೆಗಳಿಗೆ ಪ್ರತ್ಯೇಕ ವೇಳಾಪಟ್ಟಿ ಬೇಡ,” ಎಂದಷ್ಟೇ ಅಂಚಿನಲ್ಲಿ ಬರೆದರು.

ಎರಡನೆಯ ಅಧ್ಯಾಯ ನಿಲ್ದಾಣಗಳದ್ದು. ಮೂರು ಫರ್ಲಾಂಗಿಗೆ ಎಷ್ಟು ನಿಲ್ದಾಣ ಬೇಕು? ಒಂದೂ ಬೇಡ ಎಂದು ನಾನು ಅಂದುಕೊಂಡಿದ್ದೆ. ಸುದ್ದಿ ಹರಡಿದ ಮೇಲೆ ಪ್ರತಿಯೊಬ್ಬ ಪ್ರೊಫೆಸರರೂ ತಮ್ಮ ವಿಭಾಗದ ಮುಂದೆ ಗಾಡಿ ನಿಲ್ಲದಿದ್ದರೆ ಅದು ತಮ್ಮ ವಿಷಯಕ್ಕೆ ಆದ ಅವಮಾನವೆಂದು ಪತ್ರ ಬರೆದರು. ಚರಿತ್ರೆಯವರ ಮುಂದೆ ನಿಂತು ಸಂಸ್ಕೃತದವರ ಮುಂದೆ ನಿಲ್ಲದೇ ಹೋದರೆ ಹೇಗೆ? ಎರಡೂ ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದ ಕೋಣೆಗಳು. ಕಿಟಕಿಗೊಂದು ನಿಲ್ದಾಣ ಎಂದಾಯಿತು. ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ ನೋಡಿದರೆ ಮುಂದಿನ ಚಕ್ರ ಒಂದು ನಿಲ್ದಾಣದಲ್ಲಿರುವಾಗ ಹಿಂದಿನ ಚಕ್ರ ಹಿಂದಿನ ನಿಲ್ದಾಣದಲ್ಲೇ ಇರುತ್ತಿತ್ತು. ಔದಾರ್ಯ ತೋರಿದವರು ಕ್ಯಾಂಟೀನಿನ ನಾಯರ್ ಒಬ್ಬರೇ. “ಸಾರ್, ನಿಲ್ಲಿಸಬೇಡ. ಸ್ವಲ್ಪ ಮೆಲ್ಲಗೆ ಬಿಟ್ಟರೆ ಸಾಕು. ಚಾಯ ನಾನು ಓಡಿಕೊಂಡು ಕೈಗೆ ಕೊಡುತ್ತೇನೆ. ಗ್ಲಾಸು ಮಾತ್ರ ಬರುವಾಗ ವಾಪಸ್ಸು ಎಸೆಯಬೇಕು,” ಎಂದರು.

ಇನ್ನು ಗಾಡಿ ಯಾವುದರಿಂದ ಓಡಬೇಕು? ಪೆಟ್ರೋಲ್ ಎಂದರೆ ಚಾಲಕ ಬೇಕು. ಕರೆಂಟು ಆಗಿನ ಹುಣಸೂರಿನಲ್ಲಿ ದೂರದ ನೆಂಟನಂತೆ, ಬಂದಾಗ ಬಂತು. ಈ ಚಿಂತೆಯಲ್ಲಿ ಒಂದು ಬೆಳಗ್ಗೆ ಸಣ್ಣೇಗೌಡನ ಬಾವಿಯ ಹತ್ತಿರ ನಿಂತಿದ್ದೆ. ಅವನು ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದವು, ಇವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ, ಅತ್ತ ಬಾವಿಯೊಳಗಿಂದ ನೀರು ತುಂಬಿದ ಚರ್ಮದ ಚೀಲ ರಾಟೆಯ ಮೇಲೆ ಹಾಯ್ದು ಏರಿ ಬರುತ್ತಿತ್ತು. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏರುತ್ತದೆ! ನಾನು ಅಲ್ಲೇ ಕೂಗಿಕೊಂಡೆನೆಂದು ಸಣ್ಣೇಗೌಡ ಹೇಳುತ್ತಾನೆ. ಎತ್ತುಗಳು ಬೆದರಿದವೆಂದೂ ಹೇಳುತ್ತಾನೆ. ನನಗೆ ಅಷ್ಟು ಜ್ಞಾಪಕವಿಲ್ಲ. ಆ ದಿನ ದಿನಚರಿಯಲ್ಲಿ ಇರುವುದು ‘ಕಪಿಲೆ!!’ ಎಂದು, ಎರಡು ಉದ್ಗಾರ ಚಿಹ್ನೆಗಳೊಂದಿಗೆ.

ಉಪಾಯ ಸರಳವಾಗಿತ್ತು. ಗುಡ್ಡದ ಮೇಲೊಂದು ದೊಡ್ಡ ರಾಟೆ. ಅದರ ಮೇಲೆ ಹಾಯ್ದ ಹಗ್ಗದ ಎರಡು ತುದಿಗೂ ಒಂದೊಂದು ಗಾಡಿ. ಎರಡು ಸಾಲು ಹಳಿ, ಒಂದರ ಪಕ್ಕ ಒಂದು. ಮೇಲಿನ ಗಾಡಿ ಭಾರವಾಗಿದ್ದರೆ ಇಳಿಯುತ್ತದೆ, ಆಗ ಕೆಳಗಿನ ಗಾಡಿ ತಾನೇ ಏರುತ್ತದೆ. ಕಾಡಿನಲ್ಲಿ ಹಿಂದೆ ದಿಮ್ಮಿ ಸಾಗಿಸಲು ಬಳಸುತ್ತಿದ್ದ ಹಳಿಗಳೂ ಎರಡು ಟ್ರಾಲಿಗಳೂ ಕಾಕನಕೋಟೆಯ ಕಡೆ ತುಕ್ಕು ಹಿಡಿದು ಬಿದ್ದಿದ್ದವು, ಅವು ಬಂದವು. ಗಾಡಿಯೊಳಗೆ ಒಂದು ಉದ್ದನೆಯ ಹಿಡಿ. ಅದನ್ನು ಕೂತವರು ಎಳೆದರೆ ಮರದ ದಪ್ಪ ತುಂಡೊಂದು ಹಳಿಯ ಮೇಲೆ ಒತ್ತಿ ಗಾಡಿಯನ್ನು ತಡೆಯುತ್ತದೆ. ಉಳಿದದ್ದು ಸಮತೂಕದ ಪ್ರಶ್ನೆ. ಬೆಳಗ್ಗೆ ಎಲ್ಲರೂ ಇಳಿಯುವವರೇ, ಸಂಜೆ ಎಲ್ಲರೂ ಏರುವವರೇ. ಎದುರು ತೂಕ ಯಾವುದು? ಡೈರೆಕ್ಟರು ಒಂದು ವಾರ ಯೋಚಿಸಿ, ಅರ್ಧ ಹುಡುಗರು ಮೇಲೆ ಮಲಗಿ ಕೆಳಗೆ ಓದಲಿ, ಇನ್ನರ್ಧ ಕೆಳಗೆ ಮಲಗಿ ಮೇಲೆ ಓದಲಿ ಎಂದರು. ಸಣ್ಣೇಗೌಡ ಅರ್ಧ ನಿಮಿಷ ಯೋಚಿಸಿ, “ಮಳ್ಳು ಮೂಟೆ ಏರುದ್ರಾಯ್ತು ಬುಡಿ,” ಎಂದ. ಅದೇ ನಿಂತಿತು. ಬೆಳಗ್ಗೆ ವಿದ್ಯಾರ್ಥಿಗಳು ಇಳಿದಾಗ ಮರಳು ಮೇಲೇರುತ್ತದೆ, ಸಂಜೆ ಮರಳು ಇಳಿದಾಗ ವಿದ್ಯಾರ್ಥಿಗಳು ಮೇಲೇರುತ್ತಾರೆ. ತೂಕದಲ್ಲಿ ಎರಡೂ ಒಂದೇ. ಆ ವರ್ಷದ ಪರೀಕ್ಷೆಯ ಫಲಿತಾಂಶ ನೋಡಿದರೆ ಬೇರೆ ವಿಷಯಗಳಲ್ಲೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ.

ಆದರೆ ಮೂಟೆಗಳನ್ನು ಏರಿಸುವವರು ಯಾರು? ಸಣ್ಣೇಗೌಡನೇ. ನಾನು ಪ್ರಾಮಾಣಿಕವಾಗಿ ‘ಒಬ್ಬ ಮನುಷ್ಯ ಬೇಕು’ ಎಂದು ವರದಿಯಲ್ಲಿ ಬರೆದೆ. ಡೈರೆಕ್ಟರಿಗೆ ನೋವಾಯಿತು. “ಸ್ವಯಂಚಾಲಿತ ಅಂದ್ರೆ ಏನ್ರೀ? ಮನುಷ್ಯನ ಕೈ ಸೋಕಬಾರದು. ಮನುಷ್ಯ ಅಂತ ಬರೀಬೇಡಿ, ತೂಕ ಸಹಾಯಕ ಅಂತ ಬರೀರಿ,” ಎಂದರು. ಸಣ್ಣೇಗೌಡನಿಗೆ ಈ ಪದವಿಯನ್ನು ತಿಳಿಸಿದಾಗ ಅವನು, “ನಮ್ಮಯ್ಯನೂ ಬರೀ ಮನುಷ್ಯನಾಗೇ ಸತ್ತೋದ,” ಎಂದು ಕಣ್ಣೊರೆಸಿಕೊಂಡ. ಗೇಲಿಯೋ ನಿಜವೋ ನನಗೆ ತಿಳಿಯಲಿಲ್ಲ.

ಪ್ರಯೋಗದ ದಿನ ಮೇಲಿನ ಗಾಡಿಯಲ್ಲಿ ತಾವೇ ಕೂರುವುದೆಂದು ಡೈರೆಕ್ಟರು ಹಟ ಹಿಡಿದರು. ಹಾಗಾದರೆ ಅವರ ತೂಕ ಬೇಕು. ಹುಣಸೂರಿನಲ್ಲಿ ಮನುಷ್ಯರನ್ನು ತೂಗುವ ಯಂತ್ರವಿರಲಿಲ್ಲ. ಹೊಗೆಸೊಪ್ಪಿನ ಬೇಲು ತೂಗುವ ತಕ್ಕಡಿಯಿತ್ತು. ಅದರಲ್ಲಿ ಅವರನ್ನು ಕೂರಿಸಿದೆವು. ತೂಗುವವನು ಬೆಳೆಗಾರರನ್ನು ಹೆದರಿಸಿ ಅಭ್ಯಾಸವಿದ್ದವನು, ಅಭ್ಯಾಸಬಲದಿಂದಲೇ “ತೇವ ಜಾಸ್ತಿ!” ಎಂದು ಕೂಗಿಬಿಟ್ಟ. ಡೈರೆಕ್ಟರು ತಕ್ಕಡಿಯಲ್ಲೇ ಕೈಮುಗಿದು ಅವನಿಗೆ ವಂದಿಸಿದರು. ಅವರ ತೂಕಕ್ಕೆ ಸರಿಯಾಗಿ ಕೆಳಗಿನ ಗಾಡಿಗೆ ಎಷ್ಟು ಮೂಟೆ ಎಂದು ನಾನು ಲೆಕ್ಕ ಹಾಕಿದೆ: ಎಂಟು. ಆಗ ಮೇಲಿನ ಗಾಡಿ ಚೂರೇ ಚೂರು ಭಾರವಾಗಿದ್ದು, ಮದುವಣಗಿತ್ತಿ ಹಸೆಗೆ ಬರುವಷ್ಟು ನಿಧಾನವಾಗಿ ಕೆಳಗಿಳಿಯಬೇಕು. ಈ ಉಪಮೆ ಆಗ ನನ್ನ ಮನಸ್ಸಿನಲ್ಲಿ ಸಹಜವಾಗಿಯೇ ಇತ್ತು.

ದಿನ ಶುಕ್ರವಾರ. ಹನ್ನೊಂದಕ್ಕೆ ಇಟ್ಟುಕೊಳ್ಳೋಣವೆಂದು ಡೈರೆಕ್ಟರು. ಹತ್ತೂವರೆಗೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ಗಾಡಿ ಹೊರಡದಿದ್ದರೆ ತಾನು ಮೂಟೆ ಮುಟ್ಟುವುದಿಲ್ಲವೆಂದು ಸಣ್ಣೇಗೌಡ. ತೂಕ ಸಹಾಯಕನೇ ಗೆದ್ದ. ಹತ್ತು ಗಂಟೆಗೆ ಅವನು ಗುಡ್ಡದ ಮೇಲೆ ಬಂದು ಗಾಡಿಗೆ ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಒಂದು ಭಾರಿ ಬೂದುಗುಂಬಳಕಾಯಿಯನ್ನು ಮೂರು ಸುತ್ತು ನಿವಾಳಿಸಿ ಗಾಡಿಯ ಮುಂದೆ ಒಡೆದ. ಗಾಡಿಯ ಮುಂದೆ ಎಂದರೆ ಹಳಿಯ ಮೇಲೆ. ಅದರ ತಿರುಳೂ ನೀರೂ ಎರಡು ಮಾರು ದೂರ ಹಳಿಗಳ ಮೇಲೆ ಹರಡಿಕೊಂಡಿತು. ನಾನು ನೋಡುತ್ತಲೇ ಇದ್ದೆ. ‘ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ’ ಎಂದು ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಬರೆದು ಬರೆದು ಆ ವಿಷಯದಲ್ಲಿ ನನ್ನ ಕಣ್ಣು ಕುರುಡಾಗಿತ್ತೆಂದು ಕಾಣುತ್ತದೆ. ಕುಂಬಳಕಾಯಿ ಚೆನ್ನಾಗಿ ಒಡೆಯಿತು, ಶುಭ ಎಂದಷ್ಟೇ ಅಂದುಕೊಂಡೆ.

ಸಣ್ಣೇಗೌಡ ಮೂಟೆ ಹೇರಲು ಕೆಳಗೆ ಹೋದ. ಅದೇ ಹೊತ್ತಿಗೆ, ಯಾರಿಗೂ ತಿಳಿಸದೆ, ಭಾವೀ ಅಳಿಯ ಕೆಲಸ ಮಾಡುವ ಜಾಗವನ್ನು ಕಣ್ಣಾರೆ ನೋಡಿ, ಸಾಧ್ಯವಾದರೆ ಡೈರೆಕ್ಟರ ಹತ್ತಿರ ನನ್ನ ಖಾಯಂ ವಿಷಯ ಒಂದು ಮಾತು ಹೇಳಿಹೋಗೋಣವೆಂದು ವೆಂಕಟಸುಬ್ಬಯ್ಯನವರು ಬಸ್ಸಿಳಿದು ಗುಡ್ಡದ ಬುಡಕ್ಕೆ ಬಂದರು. ಅಲ್ಲಿ ಹೊರಡಲು ಸಿದ್ಧವಾಗಿ ಒಂದು ಗಾಡಿ ನಿಂತಿತ್ತು. ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ನಲವತ್ತು ವರ್ಷ ಬಸ್ಸು ಹಿಡಿದ ಮನುಷ್ಯ, ಹೊರಡುವ ಗಾಡಿಯನ್ನು ಕಂಡರೆ ಎಲ್ಲಿಗೆ ಎಂದು ಕೇಳುವ ಮೊದಲು ಹತ್ತಿ ಕೂರುತ್ತಾನೆ. ಅವರು ಹತ್ತಿ, ಮೂಟೆಗಳ ನಡುವೆ ಜಾಗ ಮಾಡಿಕೊಂಡು, ಬಿಸಿಲಿಗೆ ಕೊಡೆ ಬಿಚ್ಚಿ, ಆಮೇಲೆ ಕೇಳಿದರು: “ಇದು ಮೇಲಕ್ಕೆ ಹೋಗುತ್ತೇನಯ್ಯಾ?”

“ಓಯ್ತದೆ, ಕುಂತ್ಕಳಿ ಬುದ್ಧಿ,” ಎಂದ ಸಣ್ಣೇಗೌಡ.

ಆಮೇಲೆ ಅವನು ತೂಕ ಸಹಾಯಕನ ಬುದ್ಧಿಯನ್ನು ಓಡಿಸಿದ. ಒಬ್ಬರು ಹೆಚ್ಚಾಗಿ ಕೂತರು, ಅಷ್ಟು ಮೂಟೆ ಇಳಿಸಬೇಕು. ನ್ಯಾಯವೇ. ಎಷ್ಟು? ರುಮಾಲು, ಕೋಟು, ಕೊಡೆ, ಕಂಠ ಎಲ್ಲವನ್ನೂ ನೋಡಿ ಅವನು ಆರು ಮೂಟೆ ಇಳಿಸಿದ. ನಾಲ್ಕು ಎಂದು ಅವನು ವಾದಿಸುತ್ತಾನೆ. ಆರೇ ಇರಬೇಕು, ಏಕೆಂದರೆ ಉಳಿದದ್ದು ಎರಡು ಎಂಬುದು ನನ್ನ ಎದೆಗೆ ಗೊತ್ತು. ಆ ಸಣಕಲು ಶರೀರ ಮೂರು ಮೂಟೆಗಿಂತ ಹೆಚ್ಚಿರಲಿಲ್ಲ. ಆಮೇಲೆ ಕೇಳಿದ್ದಕ್ಕೆ, “ಏನ್ ಮೇಷ್ಟ್ರೇ ಇಂಗಂತೀರಿ, ಅಂತಾ ದೊಡ್ಡೋರನ್ನ ಮೂರು ಮೂಟೆ ತೂಕ ಅಂತ ಎಂಗ್ ಯೋಳಾದು? ಮರ್ವಾದೆ ಬ್ಯಾಡ್ವಾ?” ಎಂದ.

ಅವನು ತಲೆವಸ್ತ್ರ ಬಿಚ್ಚಿ ಬೀಸಿದ. ಮೇಲೆ ಡೈರೆಕ್ಟರು ಹಿಡಿಯನ್ನು ಭದ್ರವಾಗಿ ಹಿಡಿದು ತಲೆಯಾಡಿಸಿದರು. ಚಕ್ರ ಉರುಳದಂತೆ ಕೊಟ್ಟಿದ್ದ ಆಪನ್ನು ನಾನು ತೆಗೆದೆ. ಮುಂದಿನದನ್ನು ಹೇಳಲು ಭೌತಶಾಸ್ತ್ರದ ಭಾಷೆಯೇ ಬೇಕು, ಆದರೆ ಆ ಕ್ಷಣದಲ್ಲಿ ನನಗೆ ಬಂದದ್ದು ‘ಅಯ್ಯಯ್ಯೋ’ ಮಾತ್ರ. ನಿಂಬೆಹಣ್ಣುಗಳು ನಾಲ್ಕೂ ಒಟ್ಟಿಗೆ ಸಿಡಿದವು. ಗಾಡಿ ಮದುವಣಗಿತ್ತಿಯಂತೆ ಹೊರಡಲಿಲ್ಲ, ಕಟ್ಟು ಬಿಚ್ಚಿದ ಹೋರಿಯಂತೆ ಹೊರಟಿತು. ಡೈರೆಕ್ಟರು ಶಕ್ತಿಮೀರಿ ಹಿಡಿ ಎಳೆದರು. ಮರದ ತುಂಡು ಹಳಿಯ ಮೇಲೆ ಒತ್ತಿತು, ಕುಂಬಳಕಾಯಿಯ ತಿರುಳಿನ ಮೇಲೆ ಒತ್ತಿತು, ತಿರುಳನ್ನು ತಾನೂ ಬಳಿದುಕೊಂಡು ಹಳಿಗೂ ಬಳಿಯುತ್ತಾ ಹೋಯಿತು. ನನ್ನ ಜೀವಮಾನದಲ್ಲಿ ಘರ್ಷಣೆಯಿಲ್ಲದ ಚಲನೆಯನ್ನು ಪುಸ್ತಕದ ಹೊರಗೆ ಕಂಡದ್ದು ಅದೊಂದೇ ಸಲ. ಆದರೂ ನ್ಯಾಯವಾಗಿ ಹೇಳಬೇಕು: ದಾರಿಯ ಮಧ್ಯದ ಹೊತ್ತಿಗೆ ತಿರುಳು ಸವೆದು ಮರದ ತುಂಡು ಕಚ್ಚಲಾರಂಭಿಸಿತ್ತು. ಕಿರ್ ಎಂಬ ಸದ್ದು ಕೇಳಿತು, ವೇಗ ಇಳಿಯಿತು. ಬದುಕಿದೆ, ಮದುವೆಯಾದೆ ಎಂದುಕೊಂಡೆ.

ಅಷ್ಟರಲ್ಲಿ ಎದುರಿನಿಂದ ಬಿಚ್ಚಿದ ಕೊಡೆಯೊಂದು ಗುಡ್ಡ ಹತ್ತಿ ಬರುವುದು ಕಾಣಿಸಿತು. ಕೊಡೆಯ ಕೆಳಗೆ ರುಮಾಲು. ಎರಡು ಗಾಡಿಗಳೂ ಒಂದರ ಪಕ್ಕ ಒಂದು ಹಾಯ್ದುಹೋಗುವ ಜಾಗಕ್ಕೆ ಬಂದವು. ವೆಂಕಟಸುಬ್ಬಯ್ಯನವರು ಪತ್ರಿಕೆಯಲ್ಲಿ ಪಟ ನೋಡಿದ್ದರಿಂದ ಡೈರೆಕ್ಟರನ್ನು ಗುರುತಿಸಿದರು. ಬಂದ ಕೆಲಸವೇ ಅವರನ್ನು ಕಾಣುವುದಲ್ಲವೇ? ಆ ವೇಗದಲ್ಲೂ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಕೈಮುಗಿದರು. “ನಮಸ್ಕಾರ!”

ಹಿರಿಯರೊಬ್ಬರು ಎದುರು ಬಂದು ಕೈಮುಗಿದಿದ್ದಾರೆ. ನಮ್ಮ ಡೈರೆಕ್ಟರು ಏನು ಮಾಡಬೇಕು? ಹಿಡಿಯನ್ನು ಬಿಟ್ಟು, ಎರಡೂ ಕೈ ಜೋಡಿಸಿ, ಬಾಗಿ, “ನಮಸ್ಕಾರ, ನಮಸ್ಕಾರ! ತಾವು—?” ಎಂದರು.

“ಕೆ.ಆರ್. ನಗ—” ಎನ್ನುವಷ್ಟರಲ್ಲಿ ಪರಿಚಯ ಮುಗಿದುಹೋಯಿತು. ಒಬ್ಬರು ಭೂಮಿಯ ಕಡೆಗೂ ಒಬ್ಬರು ಆಕಾಶದ ಕಡೆಗೂ ಹೊರಟುಹೋದರು. ಹಿಂದಿರುಗಿ ನೋಡಿದರೆ ಮರ್ಯಾದೆಯಲ್ಲವೆಂದು ಡೈರೆಕ್ಟರು ಕೈಮುಗಿದುಕೊಂಡೇ ಕೆಳಗೆ ತಲುಪಿ, ಹಳಿ ಮುಗಿಯುವಲ್ಲಿ ಸಣ್ಣೇಗೌಡ ತನ್ನ ಬುದ್ಧಿಯಿಂದಲೇ ಒಟ್ಟಿದ್ದ ರಾಗಿ ಹುಲ್ಲಿನ ಮೆದೆಯೊಳಗೆ ಗಾಡಿಯ ಸಮೇತ ಅಂತರ್ಧಾನರಾದರು. ಮೇಲೆ, ರಾಟೆಯ ಬಳಿ ಅಡ್ಡ ಹಾಕಿದ್ದ ದಿಮ್ಮಿಗೆ ಎರಡನೆಯ ಗಾಡಿ ಬಡಿಯಿತು. ಗಾಡಿ ನಿಂತಿತು. ವೆಂಕಟಸುಬ್ಬಯ್ಯನವರು ನಿಲ್ಲಲಿಲ್ಲ. ಕೊಡೆಯೊಂದಿಗೆ ಹಾರಿ ನೇರವಾಗಿ ನನ್ನ ಎದೆಯ ಮೇಲೆ ಬಂದಿಳಿದರು, ನಾನು ಸೊಂಟದ ಮೇಲೆ ಬಿದ್ದೆ. ಅವರು ನಿಧಾನವಾಗಿ ರುಮಾಲು ಸರಿಮಾಡಿಕೊಂಡು, ನನ್ನ ಮೇಲಿಂದ ಏಳದೆಯೇ, “ನೀವೇ ಏನ್ರೀ ಇದನ್ನ ಮಾಡಿದ್ದು?” ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದ ಮೇಲೆ ಎದ್ದು, ಕೊಡೆ ಎತ್ತಿಕೊಂಡು, ಬಸ್ಸಿನ ಕಡೆಗೆ ನಡೆದೇ ಗುಡ್ಡ ಇಳಿದುಹೋದರು.

ನನ್ನ ಕೆಲಸವೂ ಹೋಯಿತು, ಹೆಣ್ಣೂ ಹೋಯಿತು ಎಂದು ಕುಂಟುತ್ತಾ ಗುಡ್ಡ ಇಳಿದೆ. ಕೆಳಗೆ ಸಣ್ಣೇಗೌಡ ಮೆದೆಯೊಳಗೆ ಕೈಹಾಕಿ ಡೈರೆಕ್ಟರನ್ನು ಹುಡುಕುತ್ತಿದ್ದ. ಸಿಕ್ಕಿದರು. ತಲೆಯ ತುಂಬ ಹುಲ್ಲು, ಕಣ್ಣಿನಲ್ಲಿ ಎಂಥದೋ ಬೆಳಕು. ಇನ್ನೂ ಕೈ ಮುಗಿದೇ ಇದ್ದರು. “ಚಾಲಕ ಇದ್ದನೇನ್ರೀ?” ಎಂದರು. ಇಲ್ಲ ಸಾರ್ ಎಂದೆ. “ಮನುಷ್ಯನ ಕೈ ಸೋಕಿತೇ? ಎಲ್ಲರೂ ನೋಡಿದ್ದೀರಿ, ನನ್ನ ಎರಡೂ ಕೈ ಇಲ್ಲಿದ್ದವು. ಪೂರ್ಣ ಸ್ವಯಂಚಾಲಿತ! ಆ ಪತ್ರಿಕೆಯವರಿಗೆ ಇವತ್ತೇ ಕಾಗದ ಬರೀರಿ.” ಅಲ್ಲೇ, ಹುಲ್ಲಿನ ಮೇಲೆ ಕೂತು, ನನ್ನ ಫೈಲು ತರಿಸಿ ಸಹಿ ಹಾಕಿದರು. ಆದೇಶ ವಾರದೊಳಗೆ ಬರುತ್ತದೆ ಎಂದರು.

ಸೊಂಟ ಮರೆತು ಬಸ್‌ಸ್ಟ್ಯಾಂಡಿಗೆ ಓಡಿದೆ. ವೆಂಕಟಸುಬ್ಬಯ್ಯನವರು ಪೆಟ್ಟಾಗಿಲ್ಲವೆಂದು ತೋರಿಸಲು ಬೇಕಾದಷ್ಟು ನೆಟ್ಟಗೆ ನಿಂತು ಬಸ್ಸಿಗೆ ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ನೋಡಿ, ಖಾಯಂ ಆಗಲಿ ಅಂತ ನಾನು ಹೇಳಿದ್ದೆ. ಆ ಮಾತು ವಾಪಸ್ಸು ತಗೊಂಡಿದ್ದೀನಿ,” ಎಂದರು. ಅಲ್ಲಿಗೆ ಲಗ್ನ ಮುರಿಯಿತು ಎಂದುಕೊಂಡೆ. “ಹುಡುಗನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ನಾನು ಮೇಲಿಂದ ಬೀಳ್ತಾ ಇದ್ದಾಗ ಬೇರೆ ಯಾರಾದ್ರೂ ಆಗಿದ್ರೆ ಪಕ್ಕಕ್ಕೆ ಹಾರ್ತಿದ್ರು. ನೀವು ಎದೆ ಕೊಟ್ಟು ನಿಂತ್ರಿ. ಅಂಥವರು ಸಿಕ್ಕೋದಿಲ್ಲ. ಆದ್ರೆ ಈ ಕೆಲಸ ಖಾಯಂ ಆದ್ರೆ ನನ್ನ ಮಗಳು ಜೀವಮಾನವೆಲ್ಲ ಆ ಗುಡ್ಡದ ಮೇಲೆ, ಆ ಗಾಡೀಲಿ ಓಡಾಡ್ಬೇಕು. ಟೆಂಪರರಿ ಆಗಿದ್ರೆ ಬಿಟ್ಟು ಬರೋಕ್ಕೆ ದಾರಿಯಾದ್ರೂ ಇರುತ್ತೆ. ಖಾಯಂ ಮಾಡಿಸ್ಕೊಳ್ಳೋದಿಲ್ಲ ಅಂತ ಮಾತು ಕೊಡಿ, ಬರೋ ತಿಂಗಳೇ ಲಗ್ನ.”

ಪಕ್ಕಕ್ಕೆ ಹಾರಲು ನಾನು ಪ್ರಯತ್ನಿಸಿದ್ದೆ, ಕಾಲಿಗೆ ಹಗ್ಗ ಸಿಕ್ಕಿಕೊಂಡಿತ್ತು ಎಂದು ಅವರಿಗೆ ಹೇಳಬೇಕಿತ್ತು. ಫೈಲಿಗೆ ಸಹಿಯಾಗಿದೆ ಎಂದೂ ಹೇಳಬೇಕಿತ್ತು. ಎರಡನ್ನೂ ಹೇಳಲಿಲ್ಲ. ಮಾತು ಕೊಟ್ಟೆ. ಐದನೆಯ ದಿನ ಆದೇಶ ಬಂತು. ಪೂರ್ತಿ ಓದುವ ಧೈರ್ಯವೂ ಇಲ್ಲದೆ, ‘ಖಾಯಂ’ ಎಂಬ ಪದವನ್ನು ನೋಡಿದ್ದೇ ತಡ, ಮಡಿಸಿ ಟ್ರಂಕಿನ ತಳದಲ್ಲಿ ಚಳಿಗಾಲದ ಸ್ವೆಟರಿನೊಳಗೆ ಅಡಗಿಸಿಟ್ಟೆ. ಖಾಯಂ ಆದ ಸುದ್ದಿಯನ್ನು ಮುಚ್ಚಿಟ್ಟು ಮದುವೆಯಾದ ಸರ್ಕಾರಿ ನೌಕರ ಮೈಸೂರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮಾಗಿ ಬಂದಾಗ ಜಾನಕಿ ಸ್ವೆಟರು ಕೊಡವಿದಳು. ಬಿದ್ದ ಕಾಗದವನ್ನು ಅವಳೇ ಗಟ್ಟಿಯಾಗಿ ಓದಿದಳು. ನಾನು ಅದನ್ನು ಮೊದಲ ಸಲ ಪೂರ್ತಿ ಕೇಳಿದ್ದು ಆಗಲೇ. ನನ್ನನ್ನು ‘ಸ್ವಯಂಚಾಲಿತ ಸಾರಿಗೆ ಯೋಜನಾ ಸಮಿತಿಯ ಸದಸ್ಯ ಕಾರ್ಯದರ್ಶಿ’ ಹುದ್ದೆಯಲ್ಲಿ ಖಾಯಂಗೊಳಿಸಲಾಗಿತ್ತು. ‘ಬಿಡುವಿದ್ದಾಗ ಭೌತಶಾಸ್ತ್ರವನ್ನೂ ಬೋಧಿಸತಕ್ಕದ್ದು’. ಡೈರೆಕ್ಟರು ಬೇರೆ ಕಡೆಗೆ ಹೋಗಿ ವರ್ಷಗಳಾದವು. ಹಳಿಗಳ ಮೇಲೆ ಹುಡುಗರು ಬಟ್ಟೆ ಒಣಗಿಸುತ್ತಾರೆ. ಸಣ್ಣೇಗೌಡ ತನ್ನ ಮೆದೆಯನ್ನೂ ಮೂಟೆಗಳನ್ನೂ ಮನೆಗೆ ಸಾಗಿಸಿಕೊಂಡು, ಊರಿನಲ್ಲಿ ಮಾತ್ರ ತೂಕ ಸಹಾಯಕನಾಗಿಯೇ ಉಳಿದಿದ್ದಾನೆ. ಸಮಿತಿ ಸತ್ತಿಲ್ಲ, ಏಕೆಂದರೆ ಅದು ಸತ್ತರೆ ನನ್ನ ಸಂಬಳ ಸಾಯುತ್ತದೆ. ಪ್ರತಿ ತಿಂಗಳ ಮೊದಲ ವಾರ ‘ಯೋಜನೆ ಪ್ರಗತಿಯಲ್ಲಿದೆ’ ಎಂಬ ವರದಿಯನ್ನು ಹಿಡಿದು ಗುಡ್ಡ ಹತ್ತಿ ಕಛೇರಿಗೆ ಕೊಟ್ಟು ಬರುತ್ತೇನೆ.

ಮಾವನವರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಗುಡ್ಡದ ಕಡೆ ಬೆನ್ನು ಹಾಕಿ ಕೂತು, ಕಾಫಿ ಕುಡಿದು, ದನಿ ತಗ್ಗಿಸಿ, “ಇನ್ನೂ ಟೆಂಪರರಿನೇ ತಾನೇ?” ಎಂದು ಕೇಳುತ್ತಾರೆ. ಸುಳ್ಳು ಹೇಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಜಾನಕಿಯೇ ಉತ್ತರಿಸುತ್ತಾಳೆ: “ಏನೂ ಯೋಚನೆ ಮಾಡ್ಬೇಡಿ ಅಪ್ಪ. ಇವರು ಖಾಯಂ ಆಗಿಲ್ಲ, ಆಗೋ ಲಕ್ಷಣಾನೂ ಇಲ್ಲ.” ಅವರು ನೆಮ್ಮದಿಯಿಂದ ತಲೆಯಾಡಿಸುತ್ತಾರೆ. ಅವಳು ಹಾಗೆ ಹೇಳುವುದು ನನ್ನನ್ನು ಉಳಿಸುವುದಕ್ಕೋ, ಅಥವಾ ಇಷ್ಟು ವರ್ಷ ನೋಡಿದ ಮೇಲೆ ನನ್ನ ಬಗ್ಗೆ ಅವಳಿಗಿರುವ ಖಚಿತ ಅಭಿಪ್ರಾಯವೇ ಅದೋ ಎಂದು ಒಮ್ಮೆ ಕೇಳಬೇಕೆಂದಿದ್ದೇನೆ. ಕೇಳಿದರೆ ಅವಳು ನಿಜ ಹೇಳಿಬಿಡುತ್ತಾಳೆ ಎಂಬ ಹೆದರಿಕೆಯಿಂದ ಪ್ರತಿ ಸಲವೂ ಮಾವನವರಿಗೆ ಇನ್ನೊಂದು ಲೋಟ ಕಾಫಿ ತರಲು ನಾನೇ ಎದ್ದು ಒಳಗೆ ಹೋಗುತ್ತೇನೆ.